ಕಿವಿಯಲ್ಲಿ ಓದಿದ ಕಾದಂಬರಿ

ಪುಸ್ತಕ ಓದುವುದು ಕಣ್ಣಿನ ಕೆಲಸ ಎಂದು ನನ್ನ ಮೂವತ್ನಾಲ್ಕನೇ ವಯಸ್ಸಿನವರೆಗೂ ನಂಬಿಕೊಂಡಿದ್ದೆ. ಅದನ್ನು ಕಿವಿಯಿಂದಲೂ ಮಾಡಬಹುದು, ಆದರೆ ಅದು ಬಹಳ ಸುಸ್ತಿನ ಕೆಲಸ ಎಂದು ಗೊತ್ತಾದದ್ದು ಆಮೇಲೆ. ಕಣ್ಣಿನಲ್ಲಿ ಓದುವವನಿಗೆ ಇರುವ ದೊಡ್ಡ ಸುಖವೆಂದರೆ ಪುಸ್ತಕ ಅವನ ಕೈಯಲ್ಲಿರುತ್ತದೆ. ಬೇಸರವಾದರೆ ನಾಲ್ಕು ಪುಟ ಹಾರಿಸಬಹುದು. ಹಿಡಿಸಿದ ಸಾಲಿನ ಮುಂದೆ ಹತ್ತು ನಿಮಿಷ ಸುಮ್ಮನೆ ಕೂರಬಹುದು. ಕೊಲೆ ಮಾಡಿದವನು ಯಾರು ಎಂದು ಕೊನೆಯ ಪುಟದಲ್ಲಿ ಕದ್ದು ನೋಡಿ, ಏನೂ ಗೊತ್ತಿಲ್ಲದವನ ಹಾಗೆ ಮತ್ತೆ ಹಿಂದಕ್ಕೆ ಬರಬಹುದು. ಕಿವಿಯಲ್ಲಿ ಓದುವವನಿಗೆ ಇದ್ಯಾವುದೂ ಇಲ್ಲ. ಓದುವವರಿಗೆ ಕೆಮ್ಮು ಬಂದರೆ ನಾಯಕಿಗೂ ಕೆಮ್ಮು ಬರುತ್ತದೆ. ಓದುವವರಿಗೆ ಒಲೆಯ ಮೇಲಿನ ಹಾಲು ನೆನಪಾದರೆ, ಬಾವಿಕಟ್ಟೆಯ ಮೇಲೆ ಒಂದು ಕಾಲಿಟ್ಟ ನಾಯಕ ಅರ್ಧ ಗಂಟೆ ಹಾಗೇ ನಿಂತಿರಬೇಕು. ಕೇಳುವವನು ಬಿದ್ದುಕೊಂಡಿರಬೇಕು, ಅಷ್ಟೆ. ಅಂಥ ಮೂರು ವಾರ ನಾನು ಬಿದ್ದುಕೊಂಡಿದ್ದೆ. ಅದರ ಆಯಾಸ ಇನ್ನೂ ಪೂರ್ತಿ ಹೋಗಿಲ್ಲ.

ನಾನು ಭದ್ರಾವತಿಯಲ್ಲಿ ಒಂದು ಕಾರ್ಖಾನೆಯ ಟೈಮ್ ಆಫೀಸಿನ ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಬರೆದಿಡುವುದು ನನ್ನ ಉದ್ಯೋಗ. ದಿನವಿಡೀ ಜನ ಬರುವುದನ್ನೂ ಹೋಗುವುದನ್ನೂ ಬರೆದು ಸಾಕಾದವನಿಗೆ ಸಂಜೆ ಮನೆಯಲ್ಲಿ ಯಾರೂ ಬರದೆ, ಯಾರೂ ಹೋಗದೆ, ಯಾರೂ ಮಾತಾಡಿಸದೆ ಇದ್ದರೆ ಸಾಕು ಅನ್ನಿಸುತ್ತದೆ. ಅದಕ್ಕಾಗಿ ನಾನು ಕಾದಂಬರಿಯ ಮೊರೆ ಹೋಗಿದ್ದೆ. ಆಗ ನಮಗೆ ಮದುವೆಯಾಗಿ ಆರು ವರ್ಷ, ಮಕ್ಕಳಾಗಿರಲಿಲ್ಲ. ಮನೆಯಲ್ಲಿ ನಾನು, ನನ್ನ ಹೆಂಡತಿ ಗಿರಿಜೆ, ಮತ್ತು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿದ್ದ ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದ ಎರಡು ಮೂರು ಕಾದಂಬರಿ. ಇವರಲ್ಲಿ ನಾನು ಹೆಚ್ಚು ಹೊತ್ತು ಯಾರ ಮುಖ ನೋಡುತ್ತಿದ್ದೆ ಎಂಬುದನ್ನು ನೀವು ಗಿರಿಜೆಯನ್ನೇ ಕೇಳಬೇಕು. ಊಟ ಮಾಡುವಾಗಲೂ ತಟ್ಟೆಯ ಪಕ್ಕ ಪುಸ್ತಕ ಇರುತ್ತಿತ್ತು. ಒಮ್ಮೆ ಸಾರಿನ ಬದಲು ಮಜ್ಜಿಗೆಗೆ ಒಗ್ಗರಣೆ ಹಾಕಿ ಬಡಿಸಿ ಪರೀಕ್ಷೆ ಮಾಡಿದಳಂತೆ. ಚೆನ್ನಾಗಿದೆ ಎಂದೆನಂತೆ. ನನಗೆ ನೆನಪಿಲ್ಲ.

ಒಂದು ಭಾನುವಾರ ಬೆಳಗ್ಗೆ ಸೌದೆ ಮುಗಿದಿತ್ತು. "ರೀ, ನಾಲ್ಕು ತುಂಡು ಒಡೆದುಕೊಡಿ, ನೀರು ಕಾಯಿಸಬೇಕು" ಎಂದು ಗಿರಿಜೆ ಮೂರನೇ ಸಲ ಹೇಳಿದಾಗ ನನಗೆ ಕೇಳಿಸಿತು. ಆಗ ನನ್ನ ಕೈಯಲ್ಲಿದ್ದ ಪುಸ್ತಕದಲ್ಲಿ ಒಬ್ಬಳು ವಿಷದ ಬಟ್ಟಲನ್ನು ತುಟಿಯ ಹತ್ತಿರ ತಂದಿದ್ದಳು. ಅವಳನ್ನು ಆ ಸ್ಥಿತಿಯಲ್ಲಿ ಬಿಟ್ಟು ಹೋಗಿ ಕೊಡಲಿ ಹಿಡಿದರೆ ಸೌದೆಯ ಮೇಲೆ ಗಮನ ಎಲ್ಲಿಂದ ಬರಬೇಕು? ಎರಡನೇ ಏಟಿಗೇ ಒಂದು ಚಕ್ಕೆ ಹಾರಿ ಎಡಗಣ್ಣಿಗೆ ಬಡಿಯಿತು. ಕಣ್ಣು ಉಜ್ಜಿಕೊಂಡು, ಒಳಗೆ ಹೋಗಿ, ಬಲಗಣ್ಣಿನಲ್ಲಿ ಓದಿ, ಅವಳು ವಿಷ ಕುಡಿಯಲಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಮೂರು ದಿನದಲ್ಲಿ ಎಡಗಣ್ಣು ಕೆಂಡದ ಹಾಗಾಗಿ, ಬೆಳಕು ಬಿದ್ದರೆ ಚೀರುವಂತಾಯಿತು. ನಾಲ್ಕನೇ ದಿನ ನನ್ನ ಸಹೋದ್ಯೋಗಿ ಮುರುಗೇಶ ನನ್ನ ತೋಳು ಹಿಡಿದು ರೈಲು ಹತ್ತಿಸಿ ಶಿವಮೊಗ್ಗದ ಕಣ್ಣಿನ ಡಾಕ್ಟರ ಮುಂದೆ ಕೂರಿಸಿದ.

ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. "ಕಪ್ಪುಗುಡ್ಡೆ ಮೇಲೆ ಹುಣ್ಣಾಗಿದೆ. ಮೊದಲೇ ಯಾಕೆ ಬರಲಿಲ್ಲ?" ಎಂದರು. ವಿಷದ ಬಟ್ಟಲಿನ ವಿಷಯ ಹೇಳಲಿಕ್ಕಾಗುತ್ತದೆಯೇ? "ಇನ್ನೂ ಆಳಕ್ಕೆ ಹೋದರೆ ಈ ಕಣ್ಣು ನಿಮ್ಮದಲ್ಲ ಅಂದುಕೊಳ್ಳಿ" ಎಂದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಲು ಶುರು ಮಾಡಿದರು. ಬಲಗಣ್ಣು ಏನು ತಪ್ಪು ಮಾಡಿದೆ ಎಂದು ಕೇಳಿದೆ. "ಅದು ಓಡಾಡಿದರೆ ಇದೂ ಜೊತೆಗೆ ಓಡಾಡುತ್ತೆ. ಮೂರು ವಾರ ಮಲಗಿರಿ. ತಲೆ ಅಲ್ಲಾಡಿಸಬೇಡಿ, ಸೀನು ತಡೆಯಿರಿ, ಮುಖ್ಯವಾಗಿ ಅಳಬೇಡಿ." ನಾನು ಅಳುವ ಗಂಡಸಲ್ಲ ಎಂದು ಸ್ವಲ್ಪ ಬಿಗುಮಾನದಿಂದಲೇ ಹೇಳಿದೆ. "ಹೊತ್ತು ಹೋಗೋಕೆ ಏನು ಮಾಡ್ತೀರಿ?" ಎಂದರು. ಓದುತ್ತೇನೆ ಎಂದೆ. ಅವರು ನಕ್ಕದ್ದು ಕೇಳಿಸಿತು. "ಇನ್ನು ಮೂರು ವಾರ ಯಾರಿಂದಾದರೂ ಓದಿಸಿ ಕೇಳಿ."

ದಿನ ಬಿಟ್ಟು ದಿನ ಡಾಕ್ಟರು ಬಂದು ನೋಡಬೇಕಾಗಿದ್ದರಿಂದ ಮಾವನ ಮನೆಯಲ್ಲೇ ಉಳಿಯುವುದೆಂದಾಯಿತು. ನಮ್ಮ ಮಾವ ವೀರಬಸಪ್ಪನವರಿಗೆ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ಅಂಗಡಿಯ ಹಿಂದಿನ ಓಣಿಯಲ್ಲಿ ಅವರ ಮನೆ. ನಡುಮನೆಯ ಮಂಚದ ಮೇಲೆ ನನ್ನನ್ನು ಮಲಗಿಸಿ, ತಲೆಯ ಎರಡು ಪಕ್ಕಕ್ಕೂ ಒಂದೊಂದು ದಿಂಬು ಒತ್ತಿ, ಪಾರ್ಸಲ್ ಮಾಡಿದ ಹಾಗೆ ಮಾಡಿದರು. ಗಿರಿಜೆ ಜೊತೆಗೇ ಬಂದಳು. ಮೊದಲ ಎರಡು ದಿನ ಬಜಾರಿನ ಸದ್ದು ಕೇಳಿಕೊಂಡು ಕಳೆದೆ. ಜಟಕಾ ಗಾಡಿಯ ಗೆಜ್ಜೆ, ಕೊತ್ತಂಬರಿ ಸೊಪ್ಪಿನವಳ ಕೂಗು, ಹಮಾಲಿಗಳು ಮೂಟೆ ಇಳಿಸುವಾಗ ಬಿಡುವ ಉಸಿರು. ಮೂರನೇ ದಿನ ಅದು ಮುಗಿದುಹೋಯಿತು. "ಒಂದು ಪುಸ್ತಕ ತರಿಸು ಮಾರಾಯ್ತಿ, ಇಲ್ಲದಿದ್ದರೆ ಕಣ್ಣು ಉಳಿದರೂ ತಲೆ ಉಳಿಯೋದಿಲ್ಲ" ಎಂದೆ. ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ದಪ್ಪ ಕಾದಂಬರಿ ಬಂತು. ಬೊಂಬಾಯಿಯ ಮೂರನೇ ಮಹಡಿಯಲ್ಲಿ ವಾಸವಾಗಿದ್ದ ಲಾಯರು ರಘುನಾಥ ಮತ್ತು ಅವನ ಹೆಂಡತಿ ಭಾಗೀರಥಿಯ ಕಥೆ. ಅದನ್ನು ಯಾರು ಬರೆದದ್ದು ಎಂದು ಹೇಳುವುದಿಲ್ಲ. ಯಾಕೆಂದರೆ ಕೊನೆಗೆ ಅದನ್ನು ಬರೆದವರು ಯಾರು ಎಂಬುದೇ ನಮ್ಮ ಮನೆಯಲ್ಲಿ ದೊಡ್ಡ ಪ್ರಶ್ನೆಯಾಯಿತು.

ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಮಾವ ಅರ್ಧ ಗಂಟೆ ಓದುತ್ತಿದ್ದರು. ಪೂಜೆ ಮುಗಿಸಿ, ವಿಭೂತಿಯ ವಾಸನೆಯ ಜೊತೆಗೆ ಬಂದು ಕೂತು, ಕನ್ನಡಕ ಹಾಕಿಕೊಂಡು, ಕಥೆಯನ್ನು ದೂರದ ಗಿರಾಕಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದುವರು. ಓದು ಚೆನ್ನಾಗಿಯೇ ಇತ್ತು. ಆದರೆ ಯಾರಾದರೂ ಬಟ್ಟೆ ಉಟ್ಟುಕೊಂಡು ಬಂದರೆ ಅಲ್ಲಿಗೆ ಕಥೆ ನಿಲ್ಲುತ್ತಿತ್ತು. ಕಾದಂಬರಿಯಲ್ಲಿ ಎಲ್ಲರೂ ಬಟ್ಟೆ ಉಟ್ಟುಕೊಂಡೇ ಬರುತ್ತಾರೆ ನೋಡಿ, ಅದು ಕಷ್ಟ. "ಭಾಗೀರಥಿ ರೇಷ್ಮೆ ಸೀರೆಯ ಸೆರಗಿನಿಂದ ಕಣ್ಣೀರು ಒರೆಸಿಕೊಂಡಳು" ಎಂದು ಓದಿ, ಪುಸ್ತಕ ತೊಡೆಯ ಮೇಲಿಟ್ಟು, "ಅಳಿಯಂದಿರೇ, ರೇಷ್ಮೆ ಎಲ್ಲಾದರೂ ನೀರು ಹೀರುತ್ತಾ? ಕಣ್ಣೀರೆಲ್ಲ ಕೆನ್ನೆಗೆ ಬಳಿದ ಹಾಗಾಗುತ್ತೆ. ಹತ್ತಿ ಸೀರೆ ಬರೀಬೇಕಿತ್ತು. ಇವನಿಗೆ ಬಟ್ಟೆ ವಿಷಯ ಏನೇನೂ ಗೊತ್ತಿಲ್ಲ" ಎನ್ನುವರು. ನಾನು ತಲೆ ಅಲ್ಲಾಡಿಸುವಂತಿರಲಿಲ್ಲ, ಹೌದು ಎಂದೂ ಅಲ್ಲ ಎಂದೂ. ಭಾಗೀರಥಿ ಯಾಕೆ ಅತ್ತಳು ಎಂಬುದು ತಿಳಿಯುವ ಹೊತ್ತಿಗೆ ಅಂಗಡಿಗೆ ಹೊತ್ತಾಗಿರುತ್ತಿತ್ತು. ಮಾವ ಎದ್ದು ಹೋಗುತ್ತಿದ್ದರು, ನಾನು ಆ ಒದ್ದೆ ರೇಷ್ಮೆಯ ಜೊತೆ ಉಳಿಯುತ್ತಿದ್ದೆ. ಒಂದು ದಿನ ರಘುನಾಥ ಮೇ ತಿಂಗಳಲ್ಲಿ ಉಣ್ಣೆಯ ಕೋಟು ಹಾಕಿಕೊಂಡು ಕೋರ್ಟಿಗೆ ಹೋದ. ಅವತ್ತಿನ ಅರ್ಧ ಗಂಟೆ ಪೂರ್ತಿ ಆ ಕೋಟಿಗೇ ಆಯಿತು.

ಮಧ್ಯಾಹ್ನ ಊಟವಾದ ಮೇಲೆ ಗಿರಿಜೆ ಓದುತ್ತಿದ್ದಳು. ನಾನು ಸತ್ಯ ಹೇಳಬೇಕು: ಆರು ವರ್ಷ ಒಂದೇ ಮನೆಯಲ್ಲಿದ್ದರೂ ಅವಳ ಧ್ವನಿ ಹೇಗಿದೆ ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. "ಊಟಕ್ಕೆ ಬನ್ನಿ", "ಸೀಮೆಎಣ್ಣೆ ಮುಗಿದಿದೆ" ಇಷ್ಟರಲ್ಲಿ ಯಾರ ಧ್ವನಿಯ ಗುಣ ತಿಳಿಯುತ್ತದೆ? ಕಣ್ಣು ಕಟ್ಟಿಕೊಂಡು ಮಲಗಿದಾಗ ಕೇಳಿದೆ. ಗಂಟಲಲ್ಲಿ ಸ್ವಲ್ಪ ಗೊಗ್ಗರು, ಅವಸರವಿಲ್ಲದ, ಒಂದೊಂದು ಮಾತನ್ನೂ ಅದರ ಜಾಗದಲ್ಲಿ ಇಟ್ಟು ಹೋಗುವ ಧ್ವನಿ. ಪುಟ ತಿರುಗಿಸುವಾಗ ಬಳೆ ಸದ್ದಾಗುತ್ತಿತ್ತು. ಆ ಸದ್ದಿಗೆ ನಾನು ಕಾಯುತ್ತಿದ್ದೆ. ಆದರೆ ಕಿರಿಕಿರಿ ಅಲ್ಲಿಯೂ ಇತ್ತು. ಅವಳಿಗೆ ವರ್ಣನೆ ಆಗುತ್ತಿರಲಿಲ್ಲ. ಸಮುದ್ರ, ಸೂರ್ಯಾಸ್ತ, ಮುಗಿಲು ಏನೇ ಬರಲಿ, "ಇಲ್ಲಿ ಸಮುದ್ರ ಇದೆ, ಎರಡು ಪುಟ, ಬಿಟ್ಟಿದೀನಿ" ಎಂದು ದಾಟಿಬಿಡುತ್ತಿದ್ದಳು. ನಾನು ರೇಗಿದರೆ, "ಸಮುದ್ರ ಎಲ್ಲೂ ಹೋಗಲ್ಲ ರೀ, ಕಣ್ಣು ಬಂದ ಮೇಲೆ ನೋಡಿಕೊಳ್ಳಿ" ಎನ್ನುತ್ತಿದ್ದಳು.

ಎರಡನೇ ವಾರದ ಹೊತ್ತಿಗೆ ಕಥೆಯಲ್ಲಿ ಒಂದು ವಿಚಿತ್ರ ಕಾಣಿಸತೊಡಗಿತು. ಬೆಳಗ್ಗೆ ಮಾವ ಓದುವಾಗ ರಘುನಾಥ ದೇವರಂಥ ಮನುಷ್ಯ. ಹೆಂಡತಿಗೆ ತಲೆನೋವು ಬಂದರೆ ತಾನೇ ಕಷಾಯ ಮಾಡುವವನು. ಮಧ್ಯಾಹ್ನ ಗಿರಿಜೆ ಓದುವಾಗ ಅದೇ ರಘುನಾಥ ಹೆಂಡತಿ ಮೂರು ಸಲ ಕೂಗಿದರೂ ಓಗೊಡದೆ ಇಸ್ಪೀಟು ಆಡುತ್ತ ಕೂತಿರುತ್ತಿದ್ದ. ಭಾಗೀರಥಿಗೆ ಜ್ವರ ಬಂದು ಮಲಗಿದ್ದರೆ, "ಇವತ್ತು ಸಾರು ಯಾಕೆ ತಣ್ಣಗಿದೆ?" ಎಂದು ಕೇಳುತ್ತಿದ್ದ. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನಾನು ಆ ಲೇಖಕನನ್ನು ಹೊಗಳಿದೆ! "ನೋಡು ಗಿರಿಜಾ, ಒಬ್ಬನೇ ಮನುಷ್ಯನ ಎರಡು ಮುಖವನ್ನು ಎಷ್ಟು ಚೆನ್ನಾಗಿ ಹಿಡಿದಿದಾನೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಇದು ಸಾಮಾನ್ಯರ ಕೈಲಿ ಆಗೋ ಕೆಲಸ ಅಲ್ಲ" ಎಂದೆ. "ಹೌದಾ?" ಎಂದಳು. ಬೊಂಬಾಯಿಯ ಮೂರನೇ ಮಹಡಿಯಲ್ಲಿ ಭಾಗೀರಥಿ ಒಲೆಗೆ ಹಸಿ ಸೌದೆ ಒಟ್ಟಿ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡಾಗ ಮಾತ್ರ, ಇದೊಂದು ಕಡೆ ಲೇಖಕ ಎಡವಿದ ಎಂದುಕೊಂಡೆ.

ಆ ಸೋಮವಾರ ಮಧ್ಯಾಹ್ನ ಓದಿದ್ದು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ. ಭಾಗೀರಥಿ ಗಂಡನಿಗೆ ಹೇಳಿಯೇ ಉಪಾಧ್ಯಾಯಿನಿಯರ ತರಬೇತಿಗೆ ಅರ್ಜಿ ಹಾಕಿರುತ್ತಾಳೆ. ಗಂಡ "ಹಾಕು" ಎಂದಿರುತ್ತಾನೆ, ಏನು ಹಾಕು ಎಂದೆ ಎನ್ನುವುದು ಅವನಿಗೆ ಗೊತ್ತಿರುವುದಿಲ್ಲ. ಇಂಥ ದಿನ ಸಂದರ್ಶನಕ್ಕೆ ಬನ್ನಿ ಎಂದು ಕಾಗದ ಬರುತ್ತದೆ. ಅವಳು ನೀರಿಗೆ ಹೋಗಿರುತ್ತಾಳೆ. ಇಸ್ಪೀಟಾಡುತ್ತಿದ್ದ ರಘುನಾಥ ಕಾಗದ ಈಸಿಕೊಂಡು, ಒಡೆದೂ ನೋಡದೆ, ಅದರ ಹಿಂದೆ ಆಟದ ಲೆಕ್ಕ ಬರೆದು ಎಲ್ಲೋ ಬಿಸಾಡುತ್ತಾನೆ. ಅವಳು ದಿನಾ ಬಾಗಿಲಲ್ಲಿ ನಿಂತು ಅಂಚೆಯವನ ದಾರಿ ಕಾಯುತ್ತಾಳೆ. ಎರಡು ತಿಂಗಳಾದ ಮೇಲೆ, "ನನಗೇನಾದರೂ ಕಾಗದ ಬಂದಿತ್ತಾ?" ಎಂದು ಕೇಳುತ್ತಾಳೆ. "ಇಲ್ವಲ್ಲ" ಎನ್ನುತ್ತಾನೆ, ಇಸ್ಪೀಟು ಎಲೆಯಿಂದ ಕಣ್ಣೆತ್ತದೆ.

ನಾನು ಮಂಚದ ಮೇಲೆ ಉರಿದುಬಿದ್ದೆ. "ಎಂಥ ಅಯೋಗ್ಯ! ಒಂದು ಕಾಗದ ಹೆಂಡತಿ ಕೈಗೆ ಕೊಡೋ ಯೋಗ್ಯತೆ ಇಲ್ಲದವನು ಲಾಯರಂತೆ! ಈ ಇಸ್ಪೀಟಾಡೋರ ಹಣೆಬರಹವೇ ಇಷ್ಟು."

"ಅವನಿಗೆ ಗೊತ್ತೇ ಆಗಲಿಲ್ಲವಂತೆ" ಎಂದಳು ಗಿರಿಜೆ.

"ಗೊತ್ತಾಗದೆ ಇರೋದೇ ತಪ್ಪು! ಅವಳಾದರೂ ಎಂಥವಳು? ನಾನಾಗಿದ್ದರೆ ಆ ಇಸ್ಪೀಟು ಕಟ್ಟನ್ನ ಒಲೆಗೆ ಹಾಕ್ತಿದ್ದೆ."

"ಅವಳೂ ಒಂದು ಸಲ ಹಾಗೇ ಅಂದುಕೊಂಡಳಂತೆ" ಎಂದು ಗಿರಿಜೆ ಪುಸ್ತಕ ಮುಚ್ಚಿದಳು. "ಸಾಕು ಇವತ್ತಿಗೆ. ನೀವು ಕೂಗಾಡಿದರೆ ಕಣ್ಣಿಗೆ ಒಳ್ಳೇದಲ್ಲ."

ಮೂರನೆಯ ಓದುಗ ಮುರುಗೇಶ. ಭಾನುವಾರ ಬೆಳಗಿನ ರೈಲಿಗೆ ಬಂದು ಮಧ್ಯಾಹ್ನದವರೆಗೂ ಇರುತ್ತಿದ್ದ. ಅವನ ಮನೆಮಾತು ತಮಿಳು. ಕನ್ನಡ ಮಾತಾಡಲು ಕಾರ್ಖಾನೆಯಲ್ಲಿ ಕಲಿತ, ಓದಲು ನನ್ನಿಂದ ಕಲಿತ. ತಮಿಳಿನಲ್ಲಿ ಗ, ಬ, ದ ಎಂಬುವಕ್ಕೆ ಬೇರೆ ಅಕ್ಷರವೇ ಇಲ್ಲವಂತೆ, ಅವನ ನಾಲಿಗೆಯನ್ನು ದೂರಿ ಪ್ರಯೋಜನವಿರಲಿಲ್ಲ. ಭಾಗೀರಥಿ ಅವನ ಬಾಯಲ್ಲಿ ಪಾಕೀರತಿ ಆಗಿದ್ದಳು. ಒತ್ತಕ್ಷರ ಬಂದರೆ ನಿಂತು, ಅದರ ಸುತ್ತ ಒಂದು ಸುತ್ತು ಬಂದು, ಉಸಿರು ಹಿಡಿದು ಹತ್ತುತ್ತಿದ್ದ. ಒಂದು ಪುಟಕ್ಕೆ ಕಾಲು ಗಂಟೆ. ಆದರೆ ಒಂದು ಅಕ್ಷರ ಬಿಡುವವನಲ್ಲ, ಒಂದು ಅಕ್ಷರ ಸೇರಿಸುವವನೂ ಅಲ್ಲ. ಗಿರಿಜೆ ಬಿಟ್ಟ ಸಮುದ್ರವೆಲ್ಲ ಅವನ ಬಾಯಲ್ಲಿ ತೊಟ್ಟು ತೊಟ್ಟಾಗಿ ಬಂತು. ಅವನ ಇನ್ನೊಂದು ಹಟವೆಂದರೆ, ಉಳಿದವರು ಎಲ್ಲಿಯವರೆಗೆ ಓದಿದ್ದರೂ ಅವನು ಹಿಂದಿನ ಭಾನುವಾರ ತಾನು ನಿಲ್ಲಿಸಿದ ಪುಟದಿಂದಲೇ ಶುರು ಮಾಡುತ್ತಿದ್ದ. "ನಡುವೆ ಏನಾಯ್ತು ಗೊತ್ತಿಲ್ಲದೆ ಹೇಗೆ ಓದಲಿ ಅಣ್ಣಾ? ಪಾಪ, ಪಾಕೀರತಿ ಕಥೆ ನನಗೂ ಬೇಕಲ್ಲ" ಎನ್ನುತ್ತಿದ್ದ.

ಆ ಭಾನುವಾರವೂ ಹಾಗೇ ಶುರು ಮಾಡಿದ. ಅಂದರೆ ಸೋಮವಾರ ಗಿರಿಜೆ ಓದಿದ ಭಾಗ. ನಾನು ಬೇಸರದಿಂದ ತಡೆದುಕೊಂಡೆ. ರಘುನಾಥ ಕೋರ್ಟಿನಿಂದ ಬಂದ, ಭಾಗೀರಥಿಗೆ ಮಲ್ಲಿಗೆ ಹೂವು ತಂದ, ಇಬ್ಬರೂ ಸಮುದ್ರತೀರಕ್ಕೆ ಹೋದರು, ಅಲ್ಲಿ ಸೂರ್ಯ ಮುಳುಗಿದ, ಮುಳುಗಲು ಅರ್ಧ ಗಂಟೆ ಹಿಡಿಯಿತು. ಮಾರನೇ ದಿನ ಊರಿನಿಂದ ಅತ್ತೆ ಬಂದರು. ಅಧ್ಯಾಯ ಮುಗಿಯಿತು ಎಂದ ಮುರುಗೇಶ.

"ಕಾಗದ ಎಲ್ಲಿ?" ಎಂದೆ.

"ಯಾವ ಕಾಗದ ಅಣ್ಣಾ?"

"ಟ್ರೈನಿಂಗಿಗೆ ಕರೆದ ಕಾಗದ ಮಾರಾಯ. ರಘುನಾಥ ಇಸ್ಪೀಟಾಡ್ತಾ ಬಿಸಾಡಿದ್ದು."

"ಇಸ್ಪೀಟಾ? ಆ ಒಳ್ಳೇ ಮನುಷ್ಯನ ಮೇಲೆ ಯಾಕಣ್ಣಾ ಅಪವಾದ ಹೇಳ್ತೀರಿ? ಕಾಗದಾನೂ ಇಲ್ಲ, ಇಸ್ಪೀಟೂ ಇಲ್ಲ."

ಪುಟ ಅಂಟಿಕೊಂಡಿರಬಹುದು ನೋಡು ಎಂದೆ. ನೋಡಿದ, ಪುಟಸಂಖ್ಯೆ ಒಂದೊಂದಾಗಿ ಓದಿ ಹೇಳಿದ. ಹಿಂದಿನ ಅಧ್ಯಾಯ, ಮುಂದಿನ ಅಧ್ಯಾಯ ಎರಡನ್ನೂ ಹುಡುಕಿದ. ಎಲ್ಲಿಯೂ ಒಂದು ಇಸ್ಪೀಟು ಎಲೆಯೂ ಸಿಗಲಿಲ್ಲ. ಅವನು ಎದ್ದು ಹೋದ ಮೇಲೆ ನಾನು ಸುಮ್ಮನೆ ಮಲಗಿದ್ದೆ. ಎಲ್ಲಿಂದ ಬಂತು ಆ ಕಾಗದ? ಗಿರಿಜೆ ಬೇರೆ ಯಾವುದೋ ಪುಸ್ತಕ ಓದಿದಳೇ? ತಣ್ಣಗಿನ ಸಾರು, ಮೂರು ಸಲ ಕೂಗುವುದು, ಹಸಿ ಸೌದೆ ಎಲ್ಲ ಒಂದೊಂದಾಗಿ ನೆನಪಾದವು. ಆ ಹಸಿ ಸೌದೆ ತಂದವನು ನಾನು. ಹೋದ ಶ್ರಾವಣದಲ್ಲಿ, ಒಣಗಿದೆಯೋ ಇಲ್ಲವೋ ನೋಡದೆ ಗಾಡಿ ಇಳಿಸಿಕೊಂಡಿದ್ದೆ. ಕಣ್ಣು ಕಟ್ಟಿದ ಕತ್ತಲೆಯಲ್ಲಿ, ಗಿರಿಜೆಯ ಹೆಸರಿಗೆ ಬಂದ ಒಂದು ಕಂದು ಬಣ್ಣದ ಲಕೋಟೆ ಬಹಳ ಸ್ಪಷ್ಟವಾಗಿ ಕಂಡಿತು. ಎರಡು ವರ್ಷದ ಹಿಂದೆ ಅಂಚೆಯವನು ಅದನ್ನು ನನ್ನ ಕೈಗೆ ಕೊಟ್ಟದ್ದು, ನಾನು ಎಡಗೈಯಲ್ಲಿ ಈಸಿಕೊಂಡದ್ದು, ಆ ಹೊತ್ತಿಗೆ ಗಿರಿಜೆ ಊಟಕ್ಕೆ ಕೂಗಿದ್ದರಿಂದ ಓದುತ್ತಿದ್ದ ಪುಟಕ್ಕೆ ಗುರುತಾಗಿ ಅದನ್ನೇ ಇಟ್ಟು ಪುಸ್ತಕ ಮುಚ್ಚಿದ್ದು. ಮಾರನೇ ದಿನ ಶಿವಮೊಗ್ಗಕ್ಕೆ ಬಂದು ಪುಸ್ತಕವನ್ನು ಗಾಂಧಿ ಬಜಾರಿನ ಅಂಗಡಿಗೆ ಹಿಂದಿರುಗಿಸಿದ್ದು. ಪುಸ್ತಕ ಬಹಳ ಚೆನ್ನಾಗಿತ್ತು ಎಂಬುದೂ ನೆನಪಾಯಿತು. ಅದೇ ಹೆಚ್ಚು ಸಂಕಟವಾಯಿತು.

ಮಾರನೇ ದಿನ, ಸೋಮವಾರ ಮಧ್ಯಾಹ್ನ ಗಿರಿಜೆ ಬಂದು ಕೂತಳು. ಬಳೆಯ ಸದ್ದಾಯಿತು. ನಾನು ಹೇಳಿದೆ, "ಆ ಕಾಗದದ ಭಾಗ ಇನ್ನೊಂದು ಸಲ ಓದು."

ಸ್ವಲ್ಪ ಹೊತ್ತು ಪುಟ ತಿರುಗಿಸುವ ಸದ್ದು. "ಸಿಗ್ತಾ ಇಲ್ಲ."

"ಮುರುಗೇಶನಿಗೂ ಸಿಗಲಿಲ್ಲ" ಎಂದೆ.

ಪುಟದ ಸದ್ದು ನಿಂತಿತು. ಹೊರಗೆ ಬಜಾರಿನಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು. ಅವಳು ಎದ್ದು ಹೋದಳೋ ಏನೋ ಎಂದು ಗಾಬರಿಯಾಯಿತು. ಕಣ್ಣಿಲ್ಲದವನಿಗೆ ಮೌನದಷ್ಟು ಕಷ್ಟದ್ದು ಬೇರೆ ಇಲ್ಲ. ಕೈ ಚಾಚಿ ಹುಡುಕಿದೆ. ಮೊಣಕಾಲು ಸಿಕ್ಕಿತು, ಅಲ್ಲೇ ಇದ್ದಳು.

"ಪುಸ್ತಕದಂಗಡಿಯವರು ಕಾಗದ ಅಪ್ಪನಿಗೆ ಕೊಟ್ಟಿದ್ದರು" ಎಂದಳು. "ಆರು ತಿಂಗಳು ಬಿಟ್ಟು. ಯಾರೋ ಆ ಪುಸ್ತಕ ಮತ್ತೆ ಬಾಡಿಗೆಗೆ ಒಯ್ದಾಗ ಸಿಕ್ಕಿತಂತೆ. ಇಲ್ಲೇ ಇದೆ, ಅಪ್ಪನ ಪೆಟ್ಟಿಗೇಲಿ. ನಿಮ್ಮನ್ನ ಬೈಯೋಕೆ ಹೊರಟಿದ್ದರು, ನಾನೇ ಬೇಡ ಅಂದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತ ಮೂರು ನಾಲ್ಕು ಸಲ ಬಂದೆ. ಓದ್ತಾ ಇದ್ರಿ. ಆಮೇಲೆ ಹೇಳೋದೇ ಬೇಡ ಅನ್ನಿಸ್ತು. ಈಗ ಬಾಯಿ ತೆರೆದರೆ ಕೇಳ್ತೀರಿ, ಬೇರೆ ದಾರಿ ಇಲ್ಲ ನಿಮಗೆ. ಮೊದಲು ಸುಮ್ಮನೆ ಒಂದು ಸಾಲು ಸೇರಿಸಿದೆ. ನೀವು ಚೆನ್ನಾಗಿದೆ ಅಂದ್ರಿ. ಇನ್ನೊಂದು ಸೇರಿಸಿದೆ."

ಅವಳು ಅಳುತ್ತಿರಲಿಲ್ಲ. ಮಾಮೂಲಿನ ಹಾಗೆ ಒಂದೊಂದು ಮಾತನ್ನೂ ಅದರ ಜಾಗದಲ್ಲಿ ಇಟ್ಟು ಹೇಳುತ್ತಿದ್ದಳು. ನನಗೆ ಪಟ್ಟಿಯ ಒಳಗೆ ಬಿಸಿಯಾಯಿತು. ಕೂಡಲೇ ಅವಳ ಬೆರಳು ನನ್ನ ಪಟ್ಟಿಯ ಅಂಚಿಗೆ ಬಂತು. "ರೀ, ಅಳಬೇಡಿ! ಡಾಕ್ಟರು ಏನು ಹೇಳಿದಾರೆ? ಇನ್ನೊಂದು ವಾರ ತಡೀರಿ. ಪಟ್ಟಿ ಬಿಚ್ಚಿದ ಮೇಲೆ ಎಷ್ಟು ಬೇಕೋ ಅಷ್ಟು ಅಳಿ. ಈಗ ಕಣ್ಣು ಹೋದರೆ ಅದೂ ನನ್ನ ತಲೆ ಮೇಲೆ ಬರುತ್ತೆ." ಪಶ್ಚಾತ್ತಾಪ ಪಡಲಿಕ್ಕೂ ಡಾಕ್ಟರ ಅಪ್ಪಣೆ ಬೇಕಾದ ಸ್ಥಿತಿ ನನ್ನದು. ತಡೆದುಕೊಂಡೆ. ತಡೆದುಕೊಂಡು, ಅವಳ ಕೈ ಹಿಡಿದು, ತಪ್ಪಾಯಿತು ಎಂದೆ. ಬಹಳ ಸಣ್ಣ ಮಾತು. ನಾನು ಓದಿದ ಕಾದಂಬರಿಗಳಲ್ಲಿ ಇಂಥ ಸಮಯಕ್ಕೆ ಒಂದೂವರೆ ಪುಟ ಮಾತು ಇರುತ್ತಿತ್ತು. ಅದರಲ್ಲಿ ಒಂದು ಸಾಲೂ ಉಪಯೋಗಕ್ಕೆ ಬರಲಿಲ್ಲ.

ಉಳಿದ ಒಂದು ವಾರ ಅವಳು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು ಅಷ್ಟೆ, ತೆರೆಯುತ್ತಿರಲಿಲ್ಲ. ಆರು ವರ್ಷದ ಮಾತು ಬಾಕಿ ಇತ್ತು. ಕೇಳಿದೆ. ಅದರಲ್ಲಿ ನಾನು ಎಲ್ಲೂ ನಾಯಕನಾಗಿರಲಿಲ್ಲ. ಕೆಲವು ಕಡೆ ಪಾತ್ರವೇ ಆಗಿರಲಿಲ್ಲ, ಮೂಲೆಯಲ್ಲಿ ಇಟ್ಟ ಕುರ್ಚಿಯ ಹಾಗೆ ಇದ್ದೆ. ಕಷ್ಟಪಟ್ಟು ಕೇಳಿದೆ. ದಿಂಬಿನ ಮಧ್ಯೆ ತಲೆ ಸಿಕ್ಕಿಸಿದ್ದರಿಂದ ಆ ಕಡೆ ಹೊರಳುವ ಹಾಗೂ ಇರಲಿಲ್ಲ.

ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಡಾಕ್ಟರ ಮೂಗು. ಬಲಗಣ್ಣಿಗೆ ಅದು ಸ್ಪಷ್ಟವಾಗಿತ್ತು, ಎಡಗಣ್ಣಿಗೆ ಮಬ್ಬು. ಹುಣ್ಣು ಮಾಗಿದೆ, ಆದರೆ ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ ಎಂದರು. "ತೆಳು ಬಟ್ಟೆ ಅಡ್ಡ ಹಿಡಿದ ಹಾಗಿದೆ" ಎಂದೆ. ಪಕ್ಕದಲ್ಲಿ ನಿಂತಿದ್ದ ಮಾವ ಕೂಡಲೇ, "ಮಲ್ ಬಟ್ಟೆ ಥರಾನೋ, ವಾಯಿಲ್ ಥರಾನೋ?" ಎಂದು ಕೇಳಿದರು. ವಾಯಿಲ್ ಎಂದೆ. "ಹಾಗಾದ್ರೆ ಪರವಾಗಿಲ್ಲ, ವಾಯಿಲಿನಲ್ಲಿ ಕಾಣುತ್ತೆ" ಎಂದು ಸಮಾಧಾನ ಮಾಡಿದರು. ಮನೆಗೆ ಬಂದು ಪೆಟ್ಟಿಗೆಯಿಂದ ಆ ಲಕೋಟೆ ತೆಗೆಸಿ ನೋಡಿದೆ. ಒಡೆದಿರಲಿಲ್ಲ. ಅದರ ಒಳಗೇನಿದೆ ಎಂದು ಗೊತ್ತಿದ್ದೂ ಗಿರಿಜೆ ಒಂದೂವರೆ ವರ್ಷ ಒಡೆದಿರಲಿಲ್ಲ. ಈಗ ಅಳಬಹುದಾಗಿತ್ತು. ಮಾವ ಎದುರಿಗಿದ್ದರು, ಆಗಲಿಲ್ಲ.

ಆ ವರ್ಷ ಮತ್ತೆ ಅರ್ಜಿ ಹಾಕಿದೆವು. ಅದನ್ನು ನಾನೇ ಬರೆದೆ, ನಾನೇ ಅಂಚೆಗೆ ಹಾಕಿದೆ, ಉತ್ತರ ಬರುವವರೆಗೂ ಅಂಚೆಯವನನ್ನು ಬೀದಿಯ ತುದಿಯಲ್ಲೇ ತಡೆದು ಕೇಳುತ್ತಿದ್ದೆ. ಅವನು ನನ್ನನ್ನು ಕಂಡರೆ ಬೇರೆ ಬೀದಿಯಿಂದ ಹೋಗುವಂತಾಯಿತು. ಗಿರಿಜೆಗೆ ಸೀಟು ಸಿಕ್ಕಿತು. ಶಿವಮೊಗ್ಗದಲ್ಲಿ ಅಪ್ಪನ ಮನೆಯಲ್ಲಿದ್ದು ತರಬೇತಿ ಮುಗಿಸಿದಳು. ಅಷ್ಟು ದಿನ ಭದ್ರಾವತಿಯಲ್ಲಿ ನಾನೇ ಅನ್ನ ಬೇಯಿಸಿಕೊಂಡೆ. ಬೇಯಿಸಿಕೊಂಡೆ ಎನ್ನುವುದು ದೊಡ್ಡ ಮಾತು, ಅದು ಒಮ್ಮೆ ಗಂಜಿಯಾಗುತ್ತಿತ್ತು, ಒಮ್ಮೆ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಮುರುಗೇಶನ ಹೆಂಡತಿ ಕಳಿಸುತ್ತಿದ್ದ ಕೊಳಂಬು, ಅಂದರೆ ಅವರ ಕಡೆಯ ಹುಳಿ, ಇಲ್ಲದಿದ್ದರೆ ನಾನು ಈ ಪ್ರಬಂಧ ಬರೆಯಲು ಉಳಿಯುತ್ತಿರಲಿಲ್ಲ.

ಈಗ ಗಿರಿಜೆ ಭದ್ರಾವತಿಯಲ್ಲೇ ಒಂದು ಪ್ರೈಮರಿ ಶಾಲೆಯ ಮೇಡಂ. ಸಂಜೆ ಬಂದರೆ ಮಕ್ಕಳ ಕಾಪಿ ಪುಸ್ತಕದ ರಾಶಿ ಮುಂದಿಟ್ಟುಕೊಂಡು ಕೂರುತ್ತಾಳೆ. ನನಗೆ ಓದಿ ಹೇಳಲು ಅವಳಿಗೆ ಪುರುಸೊತ್ತಿಲ್ಲ. ಬದಲಿಗೆ, ಅವಳು ತಿದ್ದುತ್ತಿರುವಾಗ ಬಲಗಣ್ಣಿನಿಂದ ನಾನೇ ಗಟ್ಟಿಯಾಗಿ ಓದುತ್ತೇನೆ. ಎರಡು ಪುಟಕ್ಕೆ ಕಣ್ಣು ಸೋಲುತ್ತದೆ, ಮೂರು ಪುಟಕ್ಕೆ ಗಂಟಲು. ಮೊನ್ನೆ ಒಂದು ಐತಿಹಾಸಿಕ ಕಾದಂಬರಿ ಓದುತ್ತಿದ್ದೆ. ಕಾರ್ಖಾನೆಯಲ್ಲಿ ದುಡಿದು ಬಂದಿದ್ದೆ, ಹೊಟ್ಟೆಗೆ ಬೆಳಗಿನದ್ದನ್ನೇ ಮತ್ತೆ ಬಿಸಿ ಮಾಡಿ ಹಾಕಿದ್ದಳು, ವಾರದಲ್ಲಿ ಅದು ಮೂರನೇ ಸಲ. ಬಾಯಿ ಬಿಟ್ಟು ಹೇಳುವ ಧೈರ್ಯ ನನಗೆ ಈಗಿಲ್ಲ. ಅಂದು ಮಾವನ ಮನೆಯಲ್ಲಿ ಅವಳು ಮಾಡಿದ್ದನ್ನು ನಾನೇಕೆ ಮಾಡಬಾರದು ಅನ್ನಿಸಿತು. ಧ್ವನಿ ಬದಲಾಯಿಸದೆ, ಪುಟದ ಮೇಲೆ ಬೆರಳಾಡಿಸುತ್ತ ಓದಿದೆ: "ಯುದ್ಧದಿಂದ ಬಳಲಿ ಬಂದ ಮಹಾರಾಜನಿಗೆ ಮಹಾರಾಣಿಯು ಬೆಳಗಿನ ಉಪ್ಪಿಟ್ಟನ್ನೇ ಬಿಸಿ ಮಾಡಿ ಬಡಿಸಿದಳು. ಮಹಾರಾಜನ ಮನಸ್ಸಿಗೆ ಬಹಳ ನೋವಾಯಿತು."

ಗಿರಿಜೆ ಕಾಪಿಯಿಂದ ತಲೆ ಎತ್ತಲಿಲ್ಲ. ಕೆಂಪು ಮಸಿಯಲ್ಲಿ ಏನನ್ನೋ ಹೊಡೆದುಹಾಕುತ್ತ ಹೇಳಿದಳು. "ಅರಮನೇಲಿ ಮಹಾರಾಣಿ ಉಪ್ಪಿಟ್ಟು ಬಿಸಿ ಮಾಡ್ತಾಳಾ? ಅಡುಗೆಯವರು ಎಲ್ಲಿ ಹೋದರು? ಸುಳ್ಳು ಸೇರಿಸೋಕೂ ಸ್ವಲ್ಪ ಯೋಚನೆ ಬೇಕು ರೀ. ನಿಮ್ಮ ಕೈಲಿ ಆಗಲ್ಲ, ಅದರಲ್ಲಿ ಇರೋದನ್ನೇ ಓದಿ."

ನಾನು ಸಾಲು ಹುಡುಕಿ ಹಿಡಿದು, ಅದರಲ್ಲಿ ಇದ್ದದ್ದನ್ನೇ ಓದತೊಡಗಿದೆ. ಮಹಾರಾಜನ ಸೈನ್ಯ ಆಗತಾನೇ ನದಿ ದಾಟುತ್ತಿತ್ತು.